ಕೊಂಬೂದಿ ‘ದ್ರೋಹಿ’ ಎಂದು ಸಾರುವುದು: ಹಳೆಯ ಸ್ಕಾಟ್ಸ್ ಭಾಷೆಯ ‘ಹಾರ್ನಿಂಗ್’ಗೆ ಎಷ್ಟು ಅರ್ಥ?

ಸ್ಕಾಟ್ಲೆಂಡಿನ 16–17ನೇ ಶತಮಾನದ ಕಡತಗಳನ್ನು ತೆರೆದರೆ ‘ಪುಟ್ ಟು ದ ಹಾರ್ನ್’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಪದಕ್ಕೆ ಪದ ಇಟ್ಟರೆ ‘ಕೊಂಬಿಗೆ ಹಾಕಿದರು’ ಎಂದಾಗುತ್ತದೆ. ಒಂದು ಕಡೆ ರಾಣಿಯ ಕಾರ್ಯದರ್ಶಿಯನ್ನು ಅರಮನೆಯಲ್ಲೇ ಇರಿದು ಕೊಂದ ಸರದಾರರನ್ನು ಕೊಂಬಿಗೆ ಹಾಕಿರುತ್ತಾರೆ. ಇನ್ನೊಂದು ಕಡೆ ಅದೇ ಮಾತು, ಅದೇ ಗಾಂಭೀರ್ಯ. ಆದರೆ ಆಸಾಮಿಯ ತಪ್ಪು ಬಟ್ಟೆ ವ್ಯಾಪಾರಿಗೆ ಬಾಕಿ ಉಳಿಸಿಕೊಂಡದ್ದು. ಇಬ್ಬರಿಗೂ ಸಿಗುವ ಬಿರುದು ‘ರೆಬೆಲ್’, ಅಂದರೆ ರಾಜದ್ರೋಹಿ. ಸಾಲಗಾರ ದ್ರೋಹಿಯಾದದ್ದು ಹೇಗೆ?

ಒಂದು ಕಾನೂನಿನ ಜಾಣ್ಮೆ ಇದರ ಹಿಂದಿದೆ. ಸಾಲ ತೀರಿಸದಿರುವುದು ಅಪರಾಧವಲ್ಲ. ಆದರೆ ‘ಇಷ್ಟು ದಿನದೊಳಗೆ ತೀರಿಸು’ ಎಂದು ರಾಜನ ಹೆಸರಿನಲ್ಲಿ ಬಂದ ತಾಕೀತನ್ನು ಮೀರುವುದು ರಾಜಾಜ್ಞೆಯ ಉಲ್ಲಂಘನೆ, ಉಲ್ಲಂಘಿಸಿದವನು ದ್ರೋಹಿ. ಶಿಕ್ಷೆ ಬೀಳುವುದು ಬಾಕಿಗಲ್ಲ, ಅವಿಧೇಯತೆಗೆ. ಸಾಲಕ್ಕಾಗಿ ಯಾರನ್ನೂ ಸೆರೆಗೆ ಹಾಕುವುದಿಲ್ಲ ಎಂದು ಸ್ಕಾಟಿಷ್ ವಕೀಲರು ಮುಖ ಗಂಭೀರವಾಗಿಟ್ಟುಕೊಂಡೇ ಹೇಳಬಹುದಾಗಿತ್ತು. ಅದೇ ಹೊತ್ತಿಗೆ ಊರಿನ ಸೆರೆಮನೆಯಲ್ಲಿ ಸಾಲಗಾರರು ಕೂತಿರುತ್ತಿದ್ದರು. ಎರಡೂ ನಿಜವೇ.

ಪದದ ಪದರಗಳು ಹೀಗಿವೆ. ‘ಹಾರ್ನ್’ ಎಂದರೆ ಮೊದಲಿಗೆ ರಾಜನ ಅಧಿಕಾರಿ ಊದುತ್ತಿದ್ದ ಕೊಂಬು. ಕರೆ ಕಳುಹಿಸಿದರೂ ನ್ಯಾಯಸ್ಥಾನಕ್ಕೆ ಬಾರದೆ ತಲೆಮರೆಸಿಕೊಂಡ ಆರೋಪಿಯನ್ನು ಕೊಂಬೂದಿ ಕಾನೂನಿನ ರಕ್ಷಣೆಯಿಂದ ಹೊರಗೆ ಹಾಕುವುದು ಮೊದಲ ಬಳಕೆ. ಅಲ್ಲಿಂದ ಪದ ಒಂದು ಸ್ಥಿತಿಯ ಹೆಸರಾಯಿತು: ‘ಅಟ್ ದ ಹಾರ್ನ್’ ಎಂದರೆ ಬಹಿಷ್ಕೃತನಾಗಿ ಬದುಕುತ್ತಿರುವುದು, ಎಷ್ಟೋ ಸಲ ವರ್ಷಗಟ್ಟಲೆ. ‘ಬ್ಲಾ ಔಟ್’ ಎಂದರೆ ಊದಿ ಹೊರಗಟ್ಟುವುದು. ‘ಹಾರ್ನರ್’ ಎಂದರೆ ಹಾಗೆ ಹೊರಗಾದವನು. ಕೊಂಬಿನಿಂದ ಚಮಚ, ಬಾಚಣಿಗೆ ಮಾಡುವ ಕುಶಲಕರ್ಮಿಗೂ ಅದೇ ಹೆಸರು, ಆದ್ದರಿಂದ ಸಂದರ್ಭ ನೋಡದೆ ಓದಿದರೆ ಅಮಾಯಕ ಕಸುಬುಗಾರನೂ ದ್ರೋಹಿಯಾಗಿಬಿಡುತ್ತಾನೆ. ಕೊನೆಗೆ ‘ಹಾರ್ನಿಂಗ್’ ಎಂಬುದು ಆ ಪತ್ರಕ್ಕೂ, ಘೋಷಣೆಗೂ, ಸಾಲ ವಸೂಲಿಯ ಇಡೀ ಪ್ರಕ್ರಿಯೆಗೂ ಒಟ್ಟಾಗಿ ನಿಂತಿತು. ನಮ್ಮ ಕಡೆಯ ಡಂಗುರ ನೆನಪಾಗಬಹುದು, ಆದರೆ ಡಂಗುರ ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತದೆ. ಈ ಕೊಂಬಿನ ಸದ್ದು ಕೇಳಿದ ಕ್ಷಣದಿಂದ ಮನುಷ್ಯನ ಕಾನೂನುಬದ್ಧ ಸ್ಥಾನವೇ ಬದಲಾಗುತ್ತಿತ್ತು.

ಕ್ರಮ ಶುರುವಾಗುತ್ತಿದ್ದುದು ಕಾಗದದಿಂದ. ಸಾಲ ಕೊಟ್ಟವನ ಕೈಯಲ್ಲಿ ಒಂದು ಡಿಕ್ರಿ ಇರಬೇಕು. 1532ರಲ್ಲಿ ಸ್ಥಾಪನೆಯಾದ, ಸ್ಕಾಟ್ಲೆಂಡಿನ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್ನಿನ ಡಿಕ್ರಿಯಾದರೆ ದಾರಿ ನೇರ. ದಾವೆಯನ್ನೇ ಹೂಡದೆ ಡಿಕ್ರಿ ಪಡೆಯುವ ಉಪಾಯವೂ ಇತ್ತು, ವ್ಯಾಪಾರಸ್ಥರು ಹೆಚ್ಚಾಗಿ ಬಳಸುತ್ತಿದ್ದುದು ಅದನ್ನೇ. ಸಾಲಪತ್ರ ಬರೆಯುವಾಗಲೇ ‘ಇದನ್ನು ನ್ಯಾಯಾಲಯದ ಪುಸ್ತಕದಲ್ಲಿ ನೋಂದಾಯಿಸಲು ನನ್ನ ಒಪ್ಪಿಗೆ ಇದೆ’ ಎಂಬ ಸಾಲನ್ನು ಸೇರಿಸುವುದು. ವಾಯಿದೆ ಮೀರಿತೋ, ಪತ್ರವನ್ನು ನೋಂದಾಯಿಸಿದರೆ ಸಾಕು, ಅದಕ್ಕೆ ಡಿಕ್ರಿಯ ಬಲ ಬರುತ್ತಿತ್ತು. ಸಾಲ ತೆಗೆದುಕೊಳ್ಳುವ ಖುಷಿಯಲ್ಲಿ ಹಾಕಿದ ಸಹಿಯೇ ಮುಂದೆ ಕೊಂಬಿನ ಮೊದಲ ಊದಾಗುತ್ತಿತ್ತು.

ಡಿಕ್ರಿಯ ಆಧಾರದ ಮೇಲೆ ‘ಲೆಟರ್ಸ್ ಆಫ್ ಹಾರ್ನಿಂಗ್’ ಹೊರಡುತ್ತಿದ್ದವು. ಬರೆಯುವವರು ‘ರೈಟರ್ ಟು ದ ಸಿಗ್ನೆಟ್’ ಎಂಬ ವರ್ಗದ ವಕೀಲರು; ಮೇಲೆ ಸಿಗ್ನೆಟ್ ಎಂಬ ರಾಜಮುದ್ರೆ; ಒಕ್ಕಣೆ ರಾಜನ ಹೆಸರಿನಲ್ಲಿ. ಪತ್ರ ಸಾಲಗಾರನಿಗೆ ಬರೆದದ್ದಲ್ಲ. ಅದನ್ನು ಜಾರಿ ಮಾಡಬೇಕಾದ ‘ಮೆಸೆಂಜರ್-ಅಟ್-ಆರ್ಮ್ಸ್’ ಎಂಬ ಅಧಿಕಾರಿಗೆ ಕೊಟ್ಟ ಆಜ್ಞೆ ಅದು. ಲಾರ್ಡ್ ಲಯನ್ ಎಂಬ ಮುಖ್ಯ ರಾಜದೂತನ ಅಧೀನದಲ್ಲಿದ್ದ ಈ ಮೆಸೆಂಜರನ ಬಳಿ ಮೂರು ವಸ್ತುಗಳಿರುತ್ತಿದ್ದವು: ರಾಜಲಾಂಛನವಿರುವ ಬಿಲ್ಲೆ, ‘ಶಾಂತಿಯ ಕೋಲು’ ಎಂದು ಕರೆಯುತ್ತಿದ್ದ ಚಿಕ್ಕ ದಂಡ, ಮತ್ತು ಕೊಂಬು. ಯಾರಾದರೂ ಅವನನ್ನು ತಡೆದರೆ ಕೋಲನ್ನು ಮುರಿಯುತ್ತಿದ್ದ. ಮುರಿದ ಕೋಲು ಎಂದರೆ ‘ರಾಜನ ಕೆಲಸಕ್ಕೆ ಅಡ್ಡಿಯಾಗಿದೆ’ ಎಂಬ ಔಪಚಾರಿಕ ದೂರು. ಅದಕ್ಕೆ ‘ಡಿಫೋರ್ಸ್‌ಮೆಂಟ್’ ಎಂಬ ಬೇರೆಯೇ ಅಪರಾಧ.

ಮೊದಲ ಹಂತ ತಾಕೀತು. ಮೆಸೆಂಜರ್ ಸಾಲಗಾರನನ್ನು ಖುದ್ದಾಗಿ ಕಂಡು, ಇಲ್ಲವೇ ಅವನ ಮನೆಗೆ ಹೋಗಿ ಪತ್ರದ ನಕಲು ಕೊಡಬೇಕು. ಬಾಗಿಲು ತೆರೆಯದಿದ್ದರೆ 1540ರ ಕಾಯ್ದೆಯ ಪ್ರಕಾರ ಆರು ಸಲ ತಟ್ಟಿ, ಆಮೇಲೆ ನಕಲನ್ನು ಬಾಗಿಲಿಗೆ ಅಂಟಿಸಬೇಕು. ಗಡುವು ಪತ್ರದಲ್ಲೇ ಇರುತ್ತಿತ್ತು. ನ್ಯಾಯಾಲಯದ ಡಿಕ್ರಿಗೆ ಸಾಮಾನ್ಯವಾಗಿ 15 ದಿನ, ನೋಂದಾಯಿತ ಸಾಲಪತ್ರಕ್ಕೆ 6 ದಿನ. ಆಸಾಮಿ ದೇಶದಲ್ಲೇ ಇಲ್ಲದಿದ್ದರೆ ಎಡಿನ್‌ಬರೋದ ಪೇಟೆಕಂಬದ ಬಳಿಯೂ, ಲೀತ್ ಬಂದರಿನ ದಡದಲ್ಲಿಯೂ ಓದಿ 60 ದಿನ ಕಾಯಬೇಕು. ಅವನು ಹಡಗು ಹತ್ತಿ ಹೋಗಿರಬಹುದಾದ ದಡದಲ್ಲಿ ನಿಂತು ಓದಿದರೆ ಅವನಿಗೆ ಕೇಳಿಸಿತು ಎಂದು ಕಾನೂನು ಭಾವಿಸುತ್ತಿತ್ತು.

ಗಡುವು ದಾಟಿದರೆ ಎರಡನೆಯ ಹಂತ, ‘ಡಿನನ್ಸಿಯೇಶನ್’. ಸಾಲಗಾರ ವಾಸವಿರುವ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ‘ಮರ್ಕ್ಯಾಟ್ ಕ್ರಾಸ್’ ಎಂಬ ಕಲ್ಲಿನ ಪೇಟೆಕಂಬ ಇರುತ್ತಿತ್ತು. ಸಂತೆ ಸೇರುವ, ರಾಜಶಾಸನಗಳನ್ನು ಓದುವ ಜಾಗ ಅದು. ಮೆಸೆಂಜರ್ ಸಾಕ್ಷಿಗಳ ಎದುರು ಅಲ್ಲಿ ನಿಂತು ಮೂರು ಸಲ ‘ಓಯೆಸ್’ ಎಂದು ಕೂಗುತ್ತಿದ್ದ. ‘ಕೇಳಿರಿ’ ಎಂಬರ್ಥದ ಹಳೆಯ ಫ್ರೆಂಚ್ ಕರೆ ಅದು. ನಂತರ ಪತ್ರವನ್ನು ಗಟ್ಟಿಯಾಗಿ ಓದಿ, ಇಂಥವನು ರಾಜನ ದ್ರೋಹಿ ಎಂದು ಘೋಷಿಸಿ, ಮೂರು ಸಲ ಕೊಂಬು ಊದಿ, ಒಂದು ಪ್ರತಿಯನ್ನು ಕಂಬಕ್ಕೆ ಅಂಟಿಸುತ್ತಿದ್ದ.

ಇಷ್ಟಕ್ಕೇ ಮುಗಿಯಲಿಲ್ಲ. ಏನೇನು ಮಾಡಿದೆ ಎಂಬ ಬರಹವನ್ನು ಸಹಿ, ಮುದ್ರೆ, ಸಾಕ್ಷಿಗಳ ಹೆಸರಿನೊಂದಿಗೆ ಸಿದ್ಧಪಡಿಸಬೇಕು. ಘೋಷಣೆಯಾದ 15 ದಿನದೊಳಗೆ ಹಾರ್ನಿಂಗ್ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಸಾಲಗಾರನ ಜಿಲ್ಲೆಯ ಶೆರಿಫ್ ಎಂಬ ನ್ಯಾಯಾಧಿಕಾರಿಯ ಪುಸ್ತಕದಲ್ಲಾದರೂ ಸರಿ, ಎಡಿನ್‌ಬರೋದ ಸಾಮಾನ್ಯ ರಿಜಿಸ್ಟರಿನಲ್ಲಾದರೂ ಸರಿ. ಈ ದಾಖಲಾತಿಯನ್ನು 1579ರ ಕಾಯ್ದೆ ಕಡ್ಡಾಯ ಮಾಡಿತು, ಕಾರಣವೂ ನ್ಯಾಯವಾದದ್ದೇ. ದ್ರೋಹಿಯ ಸೊತ್ತು ರಾಜನಿಗೆ ಸೇರುವುದರಿಂದ, ಅದನ್ನು ತಿಳಿಯದೆ ಕೊಂಡ ಮೂರನೆಯವನು ಮುಳುಗುತ್ತಿದ್ದ. ಕೊಳ್ಳುವ ಮುಂಚೆ ನೋಡಿಕೊಳ್ಳಲು ಒಂದು ಪುಸ್ತಕ ಬೇಕಿತ್ತು.

ವಕೀಲರು ಬೆಳೆ ತೆಗೆಯುತ್ತಿದ್ದುದು ಈ ವಿವರಗಳಲ್ಲಿಯೇ. ಬರಹದಲ್ಲಿ ‘ಆರು ಸಲ ಬಾಗಿಲು ತಟ್ಟಿದೆ’ ಎಂಬ ಮಾತು ಬಿಟ್ಟುಹೋಗಿದ್ದರೆ ಜಾರಿ ಅಸಿಂಧು ಎಂದು ವಾದಿಸಬಹುದಿತ್ತು. ಮೂರು ಊದಿನ ಉಲ್ಲೇಖ ಇಲ್ಲದಿದ್ದರೂ ಅಷ್ಟೆ. ನಿಜವಾಗಿ ಊದಿದ್ದನೋ ಇಲ್ಲವೋ ಎಂಬುದಕ್ಕಿಂತ ಊದಿದೆ ಎಂದು ಬರೆದಿದ್ದಾನೋ ಎಂಬುದೇ ಮುಖ್ಯ. ತಪ್ಪು ಪಟ್ಟಣದ ಕಂಬದ ಬಳಿ ಘೋಷಿಸಿದರೆ, ಗಡುವಿನ ದಿನ ಎಣಿಸುವಲ್ಲಿ ಎಡವಿದರೆ, 15 ದಿನ ಕಳೆದು ನೋಂದಾಯಿಸಿದರೆ, ಎಲ್ಲವೂ ಮೊದಲಿನಿಂದ. ಇನ್ನು ಕೆಲವರ ಮೇಲೆ ಈ ಅಸ್ತ್ರ ನಾಟುತ್ತಲೇ ಇರಲಿಲ್ಲ. ಗಂಡನಿರುವ ಹೆಂಗಸನ್ನು ಸಿವಿಲ್ ಸಾಲಕ್ಕೆ ಕೊಂಬಿಗೆ ಹಾಕುವಂತಿಲ್ಲ, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಅವಳ ಕೈಯಲ್ಲಿ ತೀರಿಸುವ ಅಧಿಕಾರವೇ ಇಲ್ಲ. ಚಿಕ್ಕ ಮಕ್ಕಳಿಗೂ ಅದೇ ವಿನಾಯಿತಿ.

ಹಣದ ಬಾಕಿಗೆ ಮಾತ್ರ ಕೊಂಬು ಎಂದುಕೊಳ್ಳಬೇಡಿ. ದಾಖಲೆಪತ್ರ ಹಿಂದಿರುಗಿಸು, ಒತ್ತುವರಿ ಮಾಡಿದ ಜಾಗ ಬಿಡು ಎಂಬಂಥ ಆದೇಶಗಳನ್ನು ನಡೆಸಲೂ ಇದೇ ದಾರಿ.

ಕೊಂಬೂದಿದ ಮೇಲೆ ಏನಾಗುತ್ತಿತ್ತು? ಮೊಟ್ಟಮೊದಲು, ದ್ರೋಹಿ ನ್ಯಾಯಾಲಯದಲ್ಲಿ ನಿಲ್ಲುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ತನಗೆ ಬರಬೇಕಾದ ಬಾಕಿಗೂ ದಾವೆ ಹೂಡುವಂತಿಲ್ಲ, ತನ್ನ ಮೇಲಿನ ದಾವೆಗೆ ಉತ್ತರಿಸುವಂತೆಯೂ ಇಲ್ಲ. ವ್ಯಾಪಾರಿಗೆ ಇದು ಸೆರೆವಾಸಕ್ಕಿಂತ ಕಠಿಣ ಪೆಟ್ಟು, ಏಕೆಂದರೆ ಅವನ ಸಾಲಗಾರರೆಲ್ಲ ಹಾಯಾಗಿಬಿಡುತ್ತಿದ್ದರು. ಹಳೆಯ ಕಾಲದಲ್ಲಿ ಇನ್ನೂ ಘೋರವಾದದ್ದಿತ್ತು: ಕೊಂಬಿಗೆ ಬಿದ್ದವನನ್ನು ಯಾರು ಕೊಂದರೂ ಶಿಕ್ಷೆಯಿಲ್ಲ. ಸಿವಿಲ್ ಕಾರಣಕ್ಕೆ ದ್ರೋಹಿಯಾದವನ ವಿಷಯದಲ್ಲಿ ಈ ಅವಕಾಶವನ್ನು ಕಿತ್ತುಹಾಕಿದ್ದು 1612ರ ಕಾಯ್ದೆ.

ಎರಡನೆಯದು ಸೊತ್ತು. ಚರಾಸ್ತಿಯೆಲ್ಲ, ದನಕರು, ದಾಸ್ತಾನು, ಬರಬೇಕಾದ ಹಣ ಸೇರಿ, ರಾಜನಿಗೆ ಮುಟ್ಟುಗೋಲು; ಇದು ‘ಸಿಂಗಲ್ ಎಸ್ಚೀಟ್’. ಒಂದು ವರ್ಷ ಒಂದು ದಿನ ಕಳೆದರೂ ಅವನು ಕೊಂಬಿನಿಂದ ಬಿಡಿಸಿಕೊಳ್ಳದಿದ್ದರೆ ‘ಲೈಫ್‌ರೆಂಟ್ ಎಸ್ಚೀಟ್’: ಅವನು ಬದುಕಿರುವಷ್ಟು ಕಾಲ ಜಮೀನಿನ ಉತ್ಪನ್ನ ಆ ಜಮೀನಿನ ಮೇಲೊಡೆಯನಿಗೆ. ಜಮೀನು ಮಾತ್ರ ಕೈಬಿಡದು, ಸತ್ತ ಮೇಲೆ ವಾರಸುದಾರನಿಗೆ ಹೋಗುತ್ತದೆ.

ರಾಜ ಈ ಸೊತ್ತನ್ನು ತಾನೇ ಇಟ್ಟುಕೊಳ್ಳುತ್ತಿದ್ದುದು ಅಪರೂಪ. ಒಂದಿಷ್ಟು ಹಣ ಕಟ್ಟಿಸಿಕೊಂಡು ಇನ್ನೊಬ್ಬನಿಗೆ ಉಂಬಳಿಯಂತೆ ಕೊಟ್ಟುಬಿಡುತ್ತಿದ್ದರು, ಪಡೆದವನು ‘ಡೊನೇಟರ್’. ಯಾವ ಸಾಲಕ್ಕಾಗಿ ಕೊಂಬು ಊದಿತೋ ಆ ಸಾಲವನ್ನು ಅವನು ತೀರಿಸಬೇಕು, ಉಳಿದದ್ದು ಅವನದು. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ. ನಡೆದದ್ದು ಬೇರೆ. ದ್ರೋಹಿಯ ಅಣ್ಣನೋ ಭಾವನೋ ಹೋಗಿ ಉಂಬಳಿ ಬರೆಸಿಕೊಳ್ಳುವುದು, ದ್ರೋಹಿ ಅದೇ ಮನೆಯಲ್ಲಿ ಅದೇ ಕುರ್ಚಿಯ ಮೇಲೆ ಕೂತಿರುವುದು, ಸಾಲ ಕೊಟ್ಟ ಉಳಿದವರು ಬಂದರೆ ‘ಇದು ನನ್ನದಲ್ಲ, ಭಾವನದು’ ಎನ್ನುವುದು. ಮುಟ್ಟುಗೋಲೇ ರಕ್ಷಣೆಯ ಗೋಡೆಯಾಯಿತು. ದ್ರೋಹಿಯ ಸ್ವಾಧೀನದಲ್ಲೇ ಸೊತ್ತು ಉಳಿದಿದ್ದರೆ ಅಂಥ ಉಂಬಳಿ ಬೇನಾಮಿ ಎಂದು ಭಾವಿಸತಕ್ಕದ್ದು ಎಂದು 1592ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಬೇಕಾಯಿತು.

ಮೂರನೆಯದು ದೇಹ. ಹಾರ್ನಿಂಗ್ ನೋಂದಣಿಯಾದ ಮೇಲೆ ‘ಲೆಟರ್ಸ್ ಆಫ್ ಕ್ಯಾಪ್ಶನ್’ ಪಡೆದು ದಸ್ತಗಿರಿ ಮಾಡಿಸಬಹುದಿತ್ತು. ಒಯ್ಯುವುದು ಪಟ್ಟಣದ ಟೋಲ್‌ಬೂತಿಗೆ: ಕೆಳಗೆ ಸುಂಕದ ಕಟ್ಟೆ, ಮೇಲೆ ಸಭಾಂಗಣ, ಒಂದು ಮೂಲೆಯಲ್ಲಿ ಸೆರೆಕೋಣೆ ಎಂಬಂಥ ಕಟ್ಟಡ. ಸೆರೆಯಾಳು ತಪ್ಪಿಸಿಕೊಂಡರೆ ಅವನ ಸಾಲ ಪಟ್ಟಣದ ಮ್ಯಾಜಿಸ್ಟ್ರೇಟರ ತಲೆಗೆ ಬೀಳುತ್ತಿತ್ತು. ಚಿಲಕ ಸಡಿಲವಾಗಿದ್ದ ಬಡ ಪಟ್ಟಣಗಳು ಸಾಲದ ಕೈದಿ ಬಂದನೆಂದರೆ ಹೌಹಾರುತ್ತಿದ್ದುದು ಇದಕ್ಕೇ. ಕೈದಿಗೆ ತಿನ್ನಲೂ ಗತಿಯಿಲ್ಲದಿದ್ದರೆ ಊಟದ ಖರ್ಚನ್ನು ಸಾಲ ಕೊಟ್ಟವನೇ ಕೊಡಬೇಕು, ಇಲ್ಲವಾದರೆ ಬಿಡುಗಡೆ ಎಂದು 1696ರ ‘ಆಕ್ಟ್ ಆಫ್ ಗ್ರೇಸ್’ ಹೇಳಿತು. ಸೇಡಿಗಾಗಿ ಸೆರೆಯಲ್ಲಿ ಕೊಳೆಯಿಸುವವರ ಉತ್ಸಾಹ ಇದರಿಂದ ಸ್ವಲ್ಪ ತಣ್ಣಗಾಗಿರಬೇಕು.

ಕ್ಯಾಪ್ಶನ್ನಿನಿಂದ ತಪ್ಪಿಸಿಕೊಳ್ಳುವವರಿಗೆ ಎಡಿನ್‌ಬರೋದ ಹೋಲಿರೂಡ್ ಆಶ್ರಯವಿತ್ತು. ಹಳೆಯ ಮಠದ ಎಲ್ಲೆಯೊಳಗೆ, ಪಕ್ಕದ ರಾಜೋದ್ಯಾನವೂ ಸೇರಿ, ಸಾಲಗಾರನನ್ನು ಮುಟ್ಟುವಂತಿಲ್ಲ. ಬಂದವನು 24 ಗಂಟೆ ಹಾಗೆಯೇ ಇರಬಹುದು, ಆಮೇಲೆ ಅಲ್ಲಿನ ಬೇಲಿಯ ಪುಸ್ತಕದಲ್ಲಿ ಹೆಸರು ಬರೆಸಬೇಕು. ಬೇಲಿ ಎಂದರೆ ಇಲ್ಲಿ ಒಬ್ಬ ಅಧಿಕಾರಿಯ ಹುದ್ದೆ. ಭಾನುವಾರ ಯಾವ ಜಾರಿಯೂ ನಡೆಯದ್ದರಿಂದ ಅಂದು ಊರು ಸುತ್ತಿ ಬರಬಹುದು. ಜನ ಇವರನ್ನು ‘ಮಠದ ಜಮೀನ್ದಾರರು’ ಎಂದು ಲೇವಡಿ ಮಾಡುತ್ತಿದ್ದರು. ಆ ಎಲ್ಲೆಯನ್ನು ತೋರಿಸುವ ‘ಎಸ್’ ಅಕ್ಷರದ ಹಿತ್ತಾಳೆ ಗುರುತುಗಳು ಈಗಲೂ ರಾಯಲ್ ಮೈಲ್ ರಸ್ತೆಯ ಕೆಳತುದಿಯಲ್ಲಿವೆ.

ಕೊಂಬಿನಿಂದ ಹೊರಬರುವ ಕ್ರಮಕ್ಕೆ ‘ರಿಲ್ಯಾಕ್ಸೇಶನ್’ ಎನ್ನುತ್ತಿದ್ದರು. ಸಾಲ ತೀರಿಸಿಯೋ, ಜಾಮೀನು ಕೊಟ್ಟೋ, ಘೋಷಣೆಯ ದೋಷ ತೋರಿಸಿಯೋ ಪತ್ರ ಪಡೆಯಬೇಕು. ಮೆಸೆಂಜರ್ ಪೇಟೆಕಂಬದ ಬಳಿ ಅದನ್ನು ಓದಿ, ಶಾಂತಿಯ ಕೋಲನ್ನು ಅವನ ಕೈಗೆ, ಅಥವಾ ಅವನ ಪರವಾಗಿ ಬಂದವನ ಕೈಗೆ ಕೊಟ್ಟರೆ, ಅವನು ಮತ್ತೆ ರಾಜನ ಶಾಂತಿಯೊಳಗೆ ಬಂದಂತೆ. ಇದನ್ನೂ ನೋಂದಾಯಿಸಬೇಕು. ಸಾಲ ತೀರಿಸಿ ಮನೆಗೆ ಹೋಗಿ ಮಲಗಿದರೆ ರಿಜಿಸ್ಟರಿನಲ್ಲಿ ಅವನು ದ್ರೋಹಿಯಾಗಿಯೇ ಉಳಿಯುತ್ತಿದ್ದ, ವರ್ಷ-ದಿನದ ಲೆಕ್ಕವೂ ಓಡುತ್ತಲೇ ಇರುತ್ತಿತ್ತು.

ರಾಜಕೀಯದಲ್ಲಿ ಕೊಂಬಿನ ಕಥೆ ಬೇರೆ. ಅಲ್ಲಿ ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. 1559ರ ಮೇ 10ರಂದು ರಾಜಪ್ರತಿನಿಧಿ ಮೇರಿ ಆಫ್ ಗೀಸ್, ಸ್ಟರ್ಲಿಂಗ್‌ಗೆ ಬರಬೇಕೆಂಬ ಕರೆಗೆ ಓಗೊಡದ ಪ್ರೊಟೆಸ್ಟೆಂಟ್ ಬೋಧಕರನ್ನು ಕೊಂಬಿಗೆ ಹಾಕಿಸಿದಳು. ಸುದ್ದಿ ಪರ್ತ್‌ಗೆ ಮುಟ್ಟಿತು. ಅಲ್ಲಿ ಪ್ರೊಟೆಸ್ಟೆಂಟ್ ಮುಖಂಡ ಜಾನ್ ನಾಕ್ಸ್‌ನ ಉಪದೇಶದ ಬೆನ್ನಿಗೇ ಗಲಭೆ ಎದ್ದು ಸನ್ಯಾಸಿಗಳ ಮಠಗಳು ಲೂಟಿಯಾದವು. ನಾಕ್ಸ್‌ನನ್ನೂ ದ್ರೋಹಿ ಎಂದು ಸಾರಿದರು, ಆದರೆ ಮುಂದಿನ ವರ್ಷ ಗೆದ್ದದ್ದು ಅವನ ಪಕ್ಷವೇ. 1566ರ ಮಾರ್ಚ್‌ನಲ್ಲಿ ರಾಣಿ ಮೇರಿಯ ಕಾರ್ಯದರ್ಶಿ ಡೇವಿಡ್ ರಿಜಿಯೋನನ್ನು ಹೋಲಿರೂಡ್ ಅರಮನೆಯಲ್ಲಿ ಕೊಂದ ಗುಂಪಿನಲ್ಲಿದ್ದ ಮಾರ್ಟನ್‌ನ ಅರ್ಲ್ ಎಂಬ ಸರದಾರ ಕೊಂಬಿಗೆ ಬಿದ್ದು ಇಂಗ್ಲೆಂಡಿಗೆ ಓಡಿದ. ವರ್ಷ ಮುಗಿಯುವುದರೊಳಗೆ ಕ್ಷಮೆ ಸಿಕ್ಕಿತು; 1572ರಲ್ಲಿ ಅವನೇ ರಾಜಪ್ರತಿನಿಧಿಯಾದ. ರಾಣಿಯ ಮೂರನೆಯ ಗಂಡ ಬಾತ್‌ವೆಲ್‌ನ ಅರ್ಲ್‌ಗೆ ಮಾತ್ರ ಅಂಥ ಅದೃಷ್ಟವಿರಲಿಲ್ಲ. 1567ರಲ್ಲಿ ಅವನನ್ನು ದ್ರೋಹಿ ಎಂದು ಸಾರಿದ ಮೇಲೆ ದೇಶ ಬಿಟ್ಟವನು ಡೆನ್ಮಾರ್ಕಿನ ಸೆರೆಯಲ್ಲಿ ಸತ್ತ.

ಬಲವಿದ್ದವರಿಗೆ ಕೊಂಬು ತಾತ್ಕಾಲಿಕ ಕಿರಿಕಿರಿ ಎಂಬುದು ಸರ್ಕಾರಕ್ಕೂ ಗೊತ್ತಿತ್ತು. ಹಾಗಾಗಿ ಅದರ ಮೇಲೆ ಇನ್ನೂ ಭಾರವಾದ ಪತ್ರಗಳು ಬಂದವು. ‘ಲೆಟರ್ಸ್ ಆಫ್ ಇಂಟರ್‌ಕಮ್ಯೂನಿಂಗ್’ ದ್ರೋಹಿಯ ಸುತ್ತಲಿನವರನ್ನೇ ಹಿಡಿಯುತ್ತಿತ್ತು: ಅವನಿಗೆ ಅನ್ನ, ನೀರು, ನೆಲೆ ಕೊಟ್ಟವರು, ಮಾತಾಡಿದವರು ಕೂಡ ತಪ್ಪಿತಸ್ಥರು. 1675ರಲ್ಲಿ, ಚರ್ಚಿನ ಮೇಲೆ ರಾಜ ಹೇರಿದ ಬಿಷಪ್‌ಗಳ ಆಡಳಿತವನ್ನು ಒಪ್ಪದ ಕವನೆಂಟರ್ ಪಂಥದ ನೂರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಒಮ್ಮೆಗೇ ಹೊರಡಿಸಿದರು. ಗುಡ್ಡಗಾಡಿನ ಕುಲಗಳ ಮೇಲೆ ‘ಬೆಂಕಿ ಮತ್ತು ಕತ್ತಿಯ ಪತ್ರ’, ಅಂದರೆ ಸೈನ್ಯ ಕಟ್ಟಿಕೊಂಡು ಹೋಗಿ ಸುಡಲು ಕೊಲ್ಲಲು ಪರವಾನಗಿ. ಇವೆಲ್ಲಕ್ಕೂ ಮುಂಚೆ ಚರ್ಚಿನದೇ ಒಂದು ಅಸ್ತ್ರವಿತ್ತು, ‘ಕರ್ಸಿಂಗ್’, ಶಾಪ. 1525ರಲ್ಲಿ ಗ್ಲಾಸ್ಗೋ ಆರ್ಚ್‌ಬಿಷಪ್ ಗ್ಯಾವಿನ್ ಡನ್‌ಬಾರ್ ಗಡಿನಾಡಿನ ದರೋಡೆಕೋರರಿಗೆ ಹಾಕಿದ ಶಾಪ, ತಲೆಯಿಂದ ಅಂಗಾಲಿನವರೆಗೆ ಒಂದೊಂದು ಅಂಗವನ್ನೂ ಹೆಸರಿಸುತ್ತ ಸಾಗುತ್ತದೆ. ಸಾಲ ವಸೂಲಿಗೂ ಈ ಶಾಪವನ್ನೇ ಬಳಸುತ್ತಿದ್ದರು. 1560ರ ಧರ್ಮಸುಧಾರಣೆಯಲ್ಲಿ ಹಳೆಯ ಚರ್ಚಿನ ನ್ಯಾಯಾಲಯಗಳು ಬಿದ್ದಾಗ ಆ ಕೆಲಸದ ದೊಡ್ಡ ಪಾಲು ಕೊಂಬಿನ ಹೆಗಲಿಗೆ ಬಂತು, ಊದುವವರೂ ಹೆಚ್ಚಿದರು. ನನ್ನ ಮಟ್ಟಿಗೆ ಪದ ಸವೆಯಲು ಶುರುವಾದದ್ದು ಇಲ್ಲಿಂದಲೇ. ವಾರವಾರವೂ ಪೇಟೆಕಂಬದಲ್ಲಿ ದ್ರೋಹಿಗಳ ಹೆಸರು ಕೇಳುವ ಊರಿನಲ್ಲಿ ದ್ರೋಹಿ ಎಂಬ ಮಾತಿಗೆ ಯಾರು ಬೆಚ್ಚಿಬೀಳುತ್ತಾರೆ?

ಇಳಿಗಾಲ ನಿಧಾನ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ಜಾಕೊಬೈಟ್ ದಂಗೆಯ ನಂತರ ಊಳಿಗಮಾನ್ಯ ಹಕ್ಕುಗಳನ್ನು ಕತ್ತರಿಸಿದ 1746ರ ಕಾಯ್ದೆ, ಸಿವಿಲ್ ಸಾಲಕ್ಕಾಗಿ ಬೀಳುತ್ತಿದ್ದ ಎರಡೂ ಬಗೆಯ ಮುಟ್ಟುಗೋಲನ್ನು ತೆಗೆಯಿತು. 1838ರ ಕಾಯ್ದೆ ಊದುವ ಅಗತ್ಯವನ್ನೇ ಇಲ್ಲವಾಗಿಸಿತು. ತಾಕೀತಿನ ಬರಹವನ್ನು ನೋಂದಾಯಿಸಿದರೆ ಕೊಂಬೂದಿ ಘೋಷಿಸಿದಷ್ಟೇ ಪರಿಣಾಮ. 1880ರಲ್ಲಿ ಸಾಲದ ಸೆರೆವಾಸ ಬಹುಪಾಲು ಹೋಯಿತು, ಹೋಲಿರೂಡಿನ ಆಶ್ರಯಕ್ಕೂ ಕೆಲಸವಿಲ್ಲವಾಯಿತು. ಪದ ಮಾತ್ರ ಕಾನೂನಿನಲ್ಲಿ ಉಳಿದೇ ಇತ್ತು. ಲೆಟರ್ಸ್ ಆಫ್ ಹಾರ್ನಿಂಗ್ ಅನ್ನು ಹೆಸರೆತ್ತಿ ರದ್ದುಪಡಿಸಿದ್ದು 1987ರ ಸ್ಕಾಟ್ಲೆಂಡ್ ಸಾಲಗಾರರ ಕಾಯ್ದೆ. ಒಪ್ಪಂದಪತ್ರಗಳ ಕೊನೆಯಲ್ಲಿ ‘ಜಾರಿಗಾಗಿ ನೋಂದಣಿಗೆ ಒಪ್ಪಿಗೆ’ ಎಂಬ ಸಾಲು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಇದೆ.

ಈ ರಿಜಿಸ್ಟರುಗಳು ಈಗ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿವೆ. ವಂಶಾವಳಿ ಹುಡುಕುವವರು ಒಬ್ಬ ಪೂರ್ವಿಕ ‘ದ್ರೋಹಿ’ ಎಂದು ಕಂಡೊಡನೆ ಹಿಗ್ಗುವುದೋ ಕುಗ್ಗುವುದೋ ಬೇಡ. ಮೊದಲು ಯಾರ ಅರ್ಜಿಯ ಮೇಲೆ ಊದಿದರು ಎಂದು ನೋಡಿ. ಖಾಸಗಿ ವ್ಯಕ್ತಿಯ ಹೆಸರಿದ್ದರೆ ಅದು ಹೆಚ್ಚುಕಡಿಮೆ ಸಾಲ ಅಥವಾ ಜಮೀನಿನ ತಗಾದೆ. ‘ರಾಜನ ಅಡ್ವೊಕೇಟ್’ ಎಂಬ ಸರ್ಕಾರಿ ಮುಖ್ಯ ವಕೀಲ ಮುಂದೆ ಬಂದಿದ್ದರೆ ಕ್ರಿಮಿನಲ್ ವಿಷಯ ಇರಬಹುದು. ಕಾರಣ ಬರೆದಿರುವ ಸಾಲಿನಲ್ಲಿ ಮೊತ್ತವಿದ್ದರೆ ಅದು ‘ಪೌಂಡ್ಸ್ ಸ್ಕಾಟ್ಸ್’ ಆಗಿರುವ ಸಂಭವವೇ ಹೆಚ್ಚು. 1603ರ ನಂತರದ ದರದಲ್ಲಿ 12 ಸ್ಕಾಟ್ಸ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್, ಅಂದರೆ ದೊಡ್ಡದಾಗಿ ಕಂಡ ಸಾಲ ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಾರೀಕಿನಲ್ಲೂ ಎಚ್ಚರ ಬೇಕು: ಸ್ಕಾಟ್ಲೆಂಡಿನಲ್ಲಿ ಜನವರಿ 1ರಿಂದ ಹೊಸ ವರ್ಷ ಎಣಿಸತೊಡಗಿದ್ದು 1600ರಲ್ಲಿ. ಅದಕ್ಕೂ ಮುಂಚೆ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ಹಾಗಾಗಿ 1590ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1591. ಘೋಷಣೆಯ ನಮೂದು ಸಿಕ್ಕ ಮೇಲೆ ಮುಂದಿನ ಪುಟಗಳಲ್ಲಿ ರಿಲ್ಯಾಕ್ಸೇಶನ್ ಇದೆಯೇ ಎಂದು ಹುಡುಕಿ. ಅದು ವರ್ಷ-ದಿನದೊಳಗೆ ಸಿಕ್ಕರೆ ಜಮೀನಿನ ಉತ್ಪನ್ನಕ್ಕೆ ಧಕ್ಕೆಯಾಗಿಲ್ಲ. ಸಿಗದಿದ್ದರೆ ಎಸ್ಚೀಟ್ ಉಂಬಳಿಗಳನ್ನು ದಾಖಲಿಸಿರುವ ಪ್ರಿವಿ ಸೀಲ್ ರಿಜಿಸ್ಟರಿನಲ್ಲಿ ಡೊನೇಟರನ ಹೆಸರು ನೋಡಿ. ಅಲ್ಲಿ ಆ ಪೂರ್ವಿಕನ ಮನೆತನದ ಹೆಸರೇ ಕಂಡರೆ, ಸೊತ್ತು ಮನೆಯಿಂದ ಹೊರಗೆ ಹೋಗಿರಲಿಕ್ಕಿಲ್ಲ.